ಕ್ಯಾಂಪಿನ ಮೊದಲ ಶಾಲೆ

ಹೊಸದಾಗಿ ನೆಲೆಗೊಂಡ ಊರಿನ ಕಥೆಯನ್ನು ಹೇಳುವಾಗ ನಮ್ಮ ಸ್ಮರಣ ಸಂಚಿಕೆಗಳು ಒಂದು ಸಿದ್ಧ ಕ್ರಮವನ್ನು ಅನುಸರಿಸುತ್ತವೆ. ಕಾಲುವೆಗೆ ನೀರು ಬಂತು, ಬೆಳೆ ಕೈಗೆ ಹತ್ತಿತು, ಗುಡಿ ಎದ್ದಿತು. ಕೊನೆಗೆ ಶಾಲೆಯೂ ಆಯಿತು. ಶಂಕುಸ್ಥಾಪನೆ ಮಾಡಿದವರು ಯಾರು, ಜಾಗ ಕೊಟ್ಟವರು ಯಾರು ಎಂಬುದಕ್ಕೆ ಅಲ್ಲಿ ಧಾರಾಳವಾಗಿ ಸ್ಥಳ ದೊರೆಯುತ್ತದೆ. ಒಳಗೆ ಕುಳಿತ ಮಕ್ಕಳಿಗೆ ಮಾತ್ರ ಒಂದು ಸಾಲೂ ಸಿಗುವುದಿಲ್ಲ. ಇದು ಬರಿಯ ಮರೆವಲ್ಲ, ಬರವಣಿಗೆಯ ದೋಷವೆಂದೇ ನನ್ನ ಅಭಿಪ್ರಾಯ.

ಸಿಂಧನೂರಿನ ಕಡೆಗೆ ನೋಡೋಣ. 1953ರಲ್ಲಿ ತುಂಗಭದ್ರೆಯ ನೀರನ್ನು ಕಾಲುವೆಗಳಿಗೆ ಬಿಟ್ಟ ಮೇಲೆ ಎಡದಂಡೆಯ ಎರೆನೆಲಕ್ಕೆ ಭತ್ತ ಬಂತು. ಭತ್ತದ ಬೇಸಾಯ ಬಲ್ಲ ಆಂಧ್ರದ ರೈತರು ಬಂದರು. ಅವರು ನೆಲೆಸಿದ ಜಾಗಗಳಿಗೆ ‘ಕ್ಯಾಂಪು’ ಎಂಬ ಹೆಸರು ಬಿದ್ದು, ಊರಾದ ಮೇಲೂ ಉಳಿಯಿತು. ಮುಂದೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರಕಾರ ಇದೇ ತಾಲ್ಲೂಕಿನಲ್ಲಿ ನೆಲೆ ಕಲ್ಪಿಸಿತು. ಅವು ಆರ್.ಎಚ್. ಕ್ಯಾಂಪುಗಳು, ಅವುಗಳ ಗುರುತು ಸಂಖ್ಯೆಯಿಂದ. ತನ್ನ ಊರನ್ನು ಅಂಕಿಯಿಂದ ಬರೆಯಬೇಕಾದ ಮಗುವಿನ ಪಾಟಿ ಯಾವ ಕಾದಂಬರಿಗೂ ಒಳ್ಳೆಯ ಆರಂಭವಾದೀತು.

ಮನೆಯಲ್ಲಿ ತೆಲುಗು ಅಥವಾ ಬಂಗಾಳಿ, ಶಾಲೆಯಲ್ಲಿ ಕನ್ನಡ. ‘ಬಂದವರು ಬೇಗನೆ ಕನ್ನಡಿಗರಾದರು’ ಎಂಬ ಒಂದೇ ವಾಕ್ಯದಲ್ಲಿ ಇದನ್ನು ಮುಗಿಸುವುದು ವಾಡಿಕೆ. ಆದರೆ ಕಥೆ ಇರುವುದು ಆ ‘ಬೇಗನೆ’ ಎಂಬ ಮಾತಿನೊಳಗೆ. ಹತ್ತು ವರುಷದ ಹುಡುಗಿ ಕಚೇರಿಯಲ್ಲಿ ತಾಯಿಯ ಪರವಾಗಿ ಮಾತನಾಡಬೇಕಾದಾಗ ಮನೆಯಲ್ಲಿ ಹಿರಿಯರು ಯಾರು, ಕಿರಿಯರು ಯಾರು? ತಾಯಿಯ ಅಕ್ಷರವನ್ನೇ ಓದಲಾರದೆ ಬೆಳೆದ ಮಗ ಪಡೆದದ್ದೆಷ್ಟು, ಕಳೆದುಕೊಂಡದ್ದೆಷ್ಟು?

ಈ ಪ್ರಶ್ನೆಯನ್ನು ಕೇಳಲು ರಾಯಚೂರು ಸೀಮೆಯವರಿಗಿಂತ ಹೆಚ್ಚಿನ ಅಧಿಕಾರ ಯಾರಿಗಿದೆ? 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನಾಡಿನಲ್ಲಿ ಮೇಲಿನ ವಿದ್ಯೆಯ ದಾರಿ ಉರ್ದುವಿನದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಅಂದು ಕನ್ನಡದ ಮಗು ತನ್ನ ನೆಲದಲ್ಲೇ ಪರಭಾಷೆಯ ಬಾಗಿಲಲ್ಲಿ ನಿಂತಿತ್ತು. ಆ ಕಾಲದಲ್ಲಿ ಬೆಳೆದ, ಇದೇ ಜಿಲ್ಲೆಯ ಶಾಂತರಸರು (ಜನನ 1924) ಮುಂದೆ ಉರ್ದುವಿನ ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. ಹೊರೆಯಾಗಿ ಬಂದ ಭಾಷೆಯನ್ನು ಅವರು ಸಂಪತ್ತಾಗಿ ಮಾಡಿಕೊಂಡರು. ಹಾಗೆಂದು ಹೊರೆ ಹೊರೆಯೇ ಆಗಿರಲಿಲ್ಲವೆಂದು ಹೇಳಲಾಗದು. ಈಗ ಬಾಗಿಲ ಒಳಗಿರುವುದು ಕನ್ನಡ. ಹೊರಗೆ ನಿಂತವರ ಅನುಭವವನ್ನು ನಾವು ಬಲ್ಲೆವು. ಬಲ್ಲವರ ಬರವಣಿಗೆಯಲ್ಲಿ ಅದು ಕಾಣಬೇಡವೇ?

ಇನ್ನೊಂದು ಲೋಪವೂ ಉಂಟು. ಕ್ಯಾಂಪಿನ ಗದ್ದೆಗೆ ನಾಟಿಗೂ ಕಳೆಗೂ ಬರುವ ಹಳೆಯ ಊರುಗಳ ಕೂಲಿಕಾರರ ಮಕ್ಕಳು ಆ ಶಾಲೆಯಲ್ಲಿ ಎಲ್ಲಿ ಕುಳಿತರು? ಕುಳಿತರೋ, ಇಲ್ಲವೋ? ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ಓದಿದವರು ಶಾಲೆಯನ್ನು ಬರಿಯ ಜ್ಞಾನಮಂದಿರವೆಂದು ಕೊಂಡಾಡಿ ಸುಮ್ಮನಿರಲಾರರು.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿಯೇ ಮಸ್ಕಿ ಇದೆ. 1915ರಲ್ಲಿ ಬೆಳಕಿಗೆ ಬಂದ ಅಲ್ಲಿಯ ಶಾಸನ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿದ್ದಕ್ಕಾಗಿ ಪ್ರಸಿದ್ಧವಾಯಿತು. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದೊರೆಯುವುದೆಂಬ ಅದರ ಅಭಿಪ್ರಾಯವನ್ನು ನೆನೆಯುವವರು ಕಡಮೆ. ನಮ್ಮ ಸ್ಮರಣ ಸಂಚಿಕೆಗಳದೂ ಅದೇ ಸ್ಥಿತಿ: ಹೆಸರು ಉಳಿಯುತ್ತದೆ, ಮಾತು ಮರೆಯಾಗುತ್ತದೆ. ಮುಂದೆ ಕ್ಯಾಂಪಿನ ಶಾಲೆಯ ಚರಿತ್ರೆಯನ್ನು ಬರೆಯುವವರು ಶಿಲಾಫಲಕವನ್ನು ನಕಲು ಮಾಡುವ ಮೊದಲು ಹಾಜರಿ ಪುಸ್ತಕವನ್ನು ತೆರೆಯಲಿ.