ನಾಯಿಯ ವಾಂತಿ ಮತ್ತು ಹೊಟ್ಟೆಯ ಸ್ಕ್ಯಾನ್

ಬೆಂಗಳೂರಿನಂಥ ಊರಿನಲ್ಲಿ ನಾಯಿಯ ಹೊಟ್ಟೆ ಸ್ಕ್ಯಾನ್ ಮಾಡಿಸುವುದು ಈಗ ಕಷ್ಟವಲ್ಲ. ನಾಯಿ ವಾರಗಟ್ಟಲೆ ವಾಂತಿ ಮಾಡುತ್ತಿದ್ದರೆ ‘ಒಂದು ಸ್ಕ್ಯಾನ್ ಮಾಡಿಸಿಬಿಡೋಣ’ ಎಂದು ಸಾಕಿದವರೇ ಮೊದಲು ಹೇಳುತ್ತಾರೆ. ಅದರಿಂದ ರೋಗ ಎಷ್ಟು ಸಲ ಗೊತ್ತಾಗುತ್ತದೆ? ಅಮೆರಿಕದ ಮೈಕೆಲ್ ಲೀಬ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು.

ದೀರ್ಘಕಾಲದ ವಾಂತಿಯ 89 ನಾಯಿಗಳ ದಾಖಲೆಗಳನ್ನು ತಜ್ಞರು ಓದಿ, ಸ್ಕ್ಯಾನ್ ಇಲ್ಲದಿದ್ದರೂ ಇದೇ ನಿರ್ಣಯಕ್ಕೆ ಬರುತ್ತಿದ್ದೆವೇ ಎಂದು ತೂಗಿ ನೋಡಿದರು. ಶೇ. 68.5ರಷ್ಟು ನಾಯಿಗಳಲ್ಲಿ ‘ಹೌದು, ಬರುತ್ತಿದ್ದೆವು’ ಎಂಬ ಉತ್ತರ ಸಿಕ್ಕಿತು. ಸ್ಕ್ಯಾನ್ ಅನಿವಾರ್ಯವಾಗಿದ್ದದ್ದು ಅಥವಾ ನೆರವಾದದ್ದು ಶೇ. 22.5ರಲ್ಲಿ ಮಾತ್ರ. ನಾಯಿಯ ವಯಸ್ಸು ಹೆಚ್ಚಿದಷ್ಟೂ, ಕೊನೆಗೆ ಜಠರದ ಕ್ಯಾನ್ಸರ್ ಅಥವಾ ಕರುಳಿನ ಲಿಂಫೋಮಾ ಎಂದು ತಿಳಿದ ಕಡೆಗಳಲ್ಲೂ ಸ್ಕ್ಯಾನಿನ ಬೆಲೆ ಏರಿತು.

ಈ ಅಂಕಿ ನನಗೆ ಅಚ್ಚರಿಯೆನಿಸುವುದಿಲ್ಲ. ಅಲ್ಟ್ರಾಸೌಂಡ್ ತೋರಿಸುವುದು ಅಂಗದ ಆಕಾರ, ಗಾತ್ರ ಮತ್ತು ಗೋಡೆಯ ಪದರಗಳನ್ನು. ಆರೋಗ್ಯವಂತ ಕರುಳಿನ ಗೋಡೆ ಪರದೆಯ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳಾಗಿ ಸ್ಪಷ್ಟವಾಗಿ ಕಾಣುತ್ತದೆ. ಗೋಡೆ ದಪ್ಪಗಾಗಿ ಆ ಪಟ್ಟೆಗಳು ಕಲಸಿಹೋಗಿದ್ದರೆ ಗಡ್ಡೆಯ ಅನುಮಾನ ಬಲವಾಗುತ್ತದೆ. ನುಂಗಿದ ಬಟ್ಟೆ, ಊದಿದ ದುಗ್ಧಗ್ರಂಥಿ ಕೂಡ ಸಿಕ್ಕಿಬೀಳುತ್ತವೆ. ಆದರೆ ವಾಂತಿಗೆ ಕಾರಣವಾಗುವ ಉರಿಯೂತ ಬಹಳ ಸಲ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಂಥದ್ದು. ಗೋಡೆ ಹೊರನೋಟಕ್ಕೆ ಸರಿಯಾಗಿಯೇ ಇರುತ್ತದೆ. ಅದನ್ನು ಹಿಡಿಯಲು ಬಯಾಪ್ಸಿ ಬೇಕು. ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ ಅದರ ಹಿಂದಿರುವುದು ಕಾಣುವುದೂ ಇಲ್ಲ. ಸ್ಕ್ಯಾನಿಗೆ ಮುನ್ನ ನಾಯಿಯನ್ನು ಉಪವಾಸ ಇಡುವುದಕ್ಕೆ ಇದೂ ಒಂದು ಕಾರಣ.

ಅಧ್ಯಯನದ ಅಳತೆಗೋಲಿನ ಬಗ್ಗೆ ಮಾತ್ರ ನನಗೆ ತಕರಾರಿದೆ. ಕೊನೆಯ ನಿರ್ಣಯ ಕೈಯಲ್ಲಿಟ್ಟುಕೊಂಡು ಹಿಂದಿರುಗಿ ನೋಡುವವರಿಗೆ, ಅಂದು ಮೇಜಿನ ಮುಂದೆ ನಿಂತಿದ್ದ ವೈದ್ಯರ ಗೊಂದಲ ಪೂರ್ತಿ ಕಾಣುವುದಿಲ್ಲ. ‘ಗಡ್ಡೆಯಿಲ್ಲ, ಅಡಚಣೆಯಿಲ್ಲ’ ಎಂದು ಖಚಿತವಾದರೆ ಧೈರ್ಯವಾಗಿ ಆಹಾರ ಬದಲಿಸಿ ಕಾಯಬಹುದು. ನಿರ್ಣಯ ಬದಲಾಗದಿದ್ದರೂ ಆ ಧೈರ್ಯಕ್ಕೆ ಬೆಲೆಯಿದೆ. ವಾಂತಿಗೆ ಸಂಬಂಧಿಸದ ಬೇರೆ ವಿಷಯಗಳಲ್ಲಿ ಶೇ. 12.4ರಷ್ಟು ನಾಯಿಗಳ ಚಿಕಿತ್ಸೆಗೆ ಸ್ಕ್ಯಾನ್ ಒದಗಿಬಂದದ್ದನ್ನು ಅದೇ ಲೇಖನ ಹೇಳುತ್ತದೆ. ಇನ್ನೊಂದು ಮಾತು: ಈ ಪರೀಕ್ಷೆಯ ಫಲ ಪ್ರೋಬ್ ಹಿಡಿದ ಕೈಯ ಅನುಭವದ ಮೇಲೆ ನಿಂತಿದೆ. ತಜ್ಞರಿರುವ ದೊಡ್ಡ ಆಸ್ಪತ್ರೆಯ ಅಂಕಿಯನ್ನು ಯಂತ್ರ ಹೊಸದಾಗಿ ಕೊಂಡ ಪುಟ್ಟ ಕ್ಲಿನಿಕ್ಕಿಗೆ ಹಾಗೇ ಅನ್ವಯಿಸಲಾಗದು.

ಇಷ್ಟಾದರೂ ಅಧ್ಯಯನದ ಮುಖ್ಯ ತೀರ್ಮಾನ ನನಗೆ ಒಪ್ಪಿಗೆ. ಎರಡು ವರ್ಷದ, ಮೈತೂಕ ಕಳೆದುಕೊಳ್ಳದ, ಚುರುಕಾಗಿರುವ ನಾಯಿಗೆ ಮೊದಲ ದಿನವೇ ಸ್ಕ್ಯಾನ್ ಬೇಕಿಲ್ಲ. ಅದು ಏನೇನು ತಿನ್ನುತ್ತದೆ ಎಂದು ಕೂತು ಕೇಳಬೇಕು. ಮಾಡುತ್ತಿರುವುದು ವಾಂತಿಯೋ, ನುಂಗಿದ್ದು ಅನ್ನನಾಳದಿಂದಲೇ ಸಲೀಸಾಗಿ ಹೊರಬರುತ್ತಿದೆಯೋ ಎಂಬುದನ್ನು ಬೇರ್ಪಡಿಸಬೇಕು. ಅನ್ನನಾಳದಲ್ಲಿ ಗಂಟು ಕಟ್ಟುವ ಸ್ಪೈರೋಸರ್ಕ ಹುಳು ನಮ್ಮ ದೇಶದ ನಾಯಿಗಳಿಗೆ ಹೊಸದಲ್ಲ. ಆ ಗಂಟು ಎದೆಗೂಡಿನೊಳಗಿರುವುದರಿಂದ ಹೊಟ್ಟೆಯ ಸ್ಕ್ಯಾನಿಗೆ ಕಾಣುವುದೇ ಇಲ್ಲ. ಮೂತ್ರಪಿಂಡದ ಸ್ಥಿತಿ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಅಡಿಸನ್ ಕಾಯಿಲೆಯ ಸುಳಿವೂ ಅಲ್ಲೇ ಸಿಗುತ್ತದೆ. ಹುಳುವಿನ ಔಷಧಿ ಕೊಟ್ಟು, ಎರಡು ಮೂರು ವಾರ ಒಂದೇ ಬಗೆಯ ಹೊಸ ಆಹಾರ ಹಾಕಿ, ಆಚೆಯಿಂದ ಬಿಸ್ಕತ್ತು ಬರದಂತೆ ಇಡೀ ಮನೆಯವರು ಶಿಸ್ತು ಪಾಲಿಸಿದರೆ ಎಷ್ಟೋ ನಾಯಿಗಳ ವಾಂತಿ ಅಲ್ಲಿಗೇ ನಿಲ್ಲುತ್ತದೆ.

ಹತ್ತು ವರ್ಷದ ನಾಯಿ ಬಡಕಲಾಗುತ್ತಾ, ವಾಂತಿಯೂ ಹೆಚ್ಚುತ್ತಿದ್ದರೆ ಈ ಸಾವಧಾನ ಸಲ್ಲದು. ಅದಕ್ಕೆ ಕೂಡಲೇ ಸ್ಕ್ಯಾನ್ ಆಗಲಿ, ಗಡ್ಡೆ ಕಂಡರೆ ಅಲ್ಲೇ ಸೂಜಿಯಿಂದ ಮಾದರಿ ತೆಗೆಯುವ ಸಿದ್ಧತೆಯೂ ಇರಲಿ. ವರದಿಯಲ್ಲಿ ‘ಸಹಜ’ ಎಂದು ಬಂದು ನಾಯಿ ಮತ್ತೆ ವಾಂತಿ ಮಾಡಿದರೆ, ಅದೇ ಹೊಟ್ಟೆಯನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿಸುವ ದುಡ್ಡನ್ನು ಎಂಡೋಸ್ಕೋಪಿಗೆ ಉಳಿಸಿಕೊಳ್ಳುವುದು ಮೇಲು.