ಒಂದೇ ಸಂಖ್ಯೆಯ ಪುಸ್ತಕ

2018ರ ಜನವರಿಯಲ್ಲಿ ಜಪಾನಿನಲ್ಲಿ ಒಂದು ಪುಸ್ತಕ ಬಂತು. 719 ಪುಟ, ಅದರ ತುಂಬ ಒಂದೇ ಒಂದು ಸಂಖ್ಯೆ! ಹೆಸರು ‘2017ರ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ’. 467333 ಅಂತ ಶುರುವಾಗಿ 179071ಕ್ಕೆ ಮುಗಿಯುತ್ತೆ. ಒಟ್ಟು 2,32,49,425 ಅಂಕಿ.

ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ. ಓದದೆ ವಿಮರ್ಶೆ ಬರೆಯೋದು ತಪ್ಪು, ಗೊತ್ತು. ಆದರೆ ಇದನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಳ್ಳಬಹುದು. 2ರ ಘಾತ 7,72,32,917. ಅದರಲ್ಲಿ 1 ಕಳೆಯಿರಿ, ಅಷ್ಟೇ. ಒಂದು ಭಾನುವಾರ ಪೈಥಾನ್‌ನಲ್ಲಿ ಟೈಪ್ ಮಾಡಿದೆ. ಮೊದಲು ಎರರ್ ಬಂತು. 4300 ಅಂಕಿಗಿಂತ ಉದ್ದ ಇದ್ದರೆ ಅದು ಸುಲಭಕ್ಕೆ ಪ್ರಿಂಟ್ ಮಾಡಲ್ಲ. ಮಿತಿ ತೆಗೆದು, ಕಾದು, ‘ಓದಿದೆ’.

ಏನೂ ಕಾಣಲಿಲ್ಲ. ಮಧ್ಯದಲ್ಲೆಲ್ಲೋ 7 ಇರೋ ಕಡೆ 3 ಅಚ್ಚಾದರೂ ನನಗೆ ಗೊತ್ತಾಗಲ್ಲ. ಬೈನರಿಯಲ್ಲಿ ಬರೆದರೆ ಇದೇ ಸಂಖ್ಯೆ 7,72,32,917 ಒಂದುಗಳ ಸಾಲು, ನಡುವೆ ಒಂದು ಸೊನ್ನೆಯೂ ಇಲ್ಲ. ನಮ್ಮ ಹತ್ತಂಕಿಯಲ್ಲಿ ಮುದ್ರಿಸಿದ ಕೂಡಲೇ ಆ ಚೆಂದ ಮಾಯ.

ಹಾಗಾದರೆ ಅವಿಭಾಜ್ಯ ಅಂತ ಗೊತ್ತಾಗಿದ್ದು ಹೇಗೆ? ಲ್ಯೂಕಾ–ಲೆಹ್ಮರ್ ಪರೀಕ್ಷೆಯಿಂದ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆದು, ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ, ಶೇಷ ಉಳಿಸಿಕೊಳ್ಳಿ. ಮತ್ತೆ ಅದನ್ನೇ ಮಾಡಿ. 31 ಅಂದರೆ 2ರ ಘಾತ 5, ಕಳೆ 1. ಅದಕ್ಕೆ ಮೂರೇ ಹೆಜ್ಜೆ: 4, 14, 8, 0. ಕೊನೆಗೆ ಸೊನ್ನೆ ಬಂತು, ಅವಿಭಾಜ್ಯ. ಪುಸ್ತಕದ ಸಂಖ್ಯೆಗೆ 7,72,32,915 ಹೆಜ್ಜೆ. ಅಮೆರಿಕದ ಟೆನ್ನೆಸಿಯ ಜೊನಾಥನ್ ಪೇಸ್ ಅವರ ಸಾಧಾರಣ ಪಿಸಿ ಇದಕ್ಕಾಗಿ ಆರು ದಿನ ಬಿಡದೆ ಓಡಿತು. ಅದಕ್ಕೂ ಮುಂಚೆ ಅವರು ಹದಿನಾಲ್ಕು ವರ್ಷ ಹುಡುಕಿದ್ದರು.

“ಇದ್ರಿಂದ ಏನ್ ಯೂಸ್ ಗುರೂ?” ಅಂದ ಆಫೀಸಿನ ಗೆಳೆಯ. ಬ್ಯಾಂಕಿನ ಗುಟ್ಟು ಕಾಯೋಕೆ ಅಂತ ಹೇಳಿ ಬಾಯಿ ಮುಚ್ಚಿಸಬಹುದಿತ್ತು. ಅದು ಸುಳ್ಳು. ಅಲ್ಲಿ ಸಾಮಾನ್ಯವಾಗಿ ಬಳಸೋ ಅವಿಭಾಜ್ಯಗಳಿಗೆ ಮುನ್ನೂರು ಚಿಲ್ಲರೆ ಅಂಕಿ ಸಾಕು, ಮತ್ತು ಅವು ಯಾರಿಗೂ ತಿಳಿದಿರಬಾರದು. ಪುಸ್ತಕವಾಗಿ ಮಾರಾಟವಾದ ಸಂಖ್ಯೆ ಎಂಥ ಗುಟ್ಟು ಕಾದೀತು?

ನನ್ನ ತಕರಾರು ಬೇರೆ. ಅಚ್ಚಾದ ಅಂಕಿಗಳಲ್ಲಿ ಆ ಆರು ದಿನವೂ ಇಲ್ಲ, ಹದಿನಾಲ್ಕು ವರ್ಷವೂ ಇಲ್ಲ. ನಮ್ಮ ಅಪ್ರೈಸಲ್ ಫಾರಂ ಥರ: ಬಂದ ಉತ್ತರಕ್ಕೆ ಮಾತ್ರ ಜಾಗ, ಸೊನ್ನೆ ಬಾರದೆ ಹೋದ ದಿನಗಳಿಗೆ ಇಲ್ಲ.

ಹೆಸರಿನಲ್ಲಿ ‘2017’ ಸೇರಿಸಿದ್ದು ಮಾತ್ರ ಪ್ರಕಾಶಕರ ಜಾಣತನ. 2018ರ ಡಿಸೆಂಬರಿನಲ್ಲೇ ಇನ್ನೂ ದೊಡ್ಡದು ಸಿಕ್ಕಿತು. 2024ರಲ್ಲಿ ನಾಲ್ಕು ಕೋಟಿ ಅಂಕಿ ದಾಟಿದ ಮತ್ತೊಂದು. ‘ಅತಿ ದೊಡ್ಡ’ ಅನ್ನೋದು ಒಂದು ವರ್ಷವೂ ಬಾಳಲಿಲ್ಲ. ‘ಅವಿಭಾಜ್ಯ’ ಅನ್ನೋದಕ್ಕೆ ಎಕ್ಸ್‌ಪೈರಿ ಇಲ್ಲ.

ನನ್ನ ಫೈಲನ್ನು ಡಿಲೀಟ್ ಮಾಡಿಲ್ಲ. ಕೊನೆಗೆ ಒಂದು ಸಾಲು ಮಾತ್ರ ನಾನೇ ಸೇರಿಸಿಕೊಂಡಿದ್ದೇನೆ: 4, 14, 8, 0.