ಮಾಲವಿಕಾಗ್ನಿಮಿತ್ರದ ನಾಟ್ಯಾಚಾರ್ಯವಿವಾದ

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ವು 5 ಅಂಕಗಳ ನಾಟಕ. ಕ್ರಿ. ಪೂ. 2ನೆಯ ಶತಮಾನದ ಶುಂಗರಾಜನಾದ ಅಗ್ನಿಮಿತ್ರನ ಪ್ರಣಯವೇ ಇದರ ವಸ್ತುವಾದುದರಿಂದ, ಮೊದಲೆರಡು ಅಂಕಗಳ ನಾಟ್ಯಾಚಾರ್ಯಕಲಹವನ್ನು ನಾಯಿಕಾದರ್ಶನಕ್ಕೆ ಕೇವಲ ಉಪಾಯವೆಂದೆಣಿಸುವುದುಂಟು. ಪ್ರಸ್ತಾವನೆಯೊಡನೆ ಕೂಡಿಸಿ ಓದಿದಲ್ಲಿ ಈ ಕಲಹದ ಗೌರವವು ಬೇರೆಯಾಗಿ ತೋರುವುದು.

ಭಾಸಾದಿಗಳ ಕೃತಿಗಳಿರಲು ಹೊಸಬನ ನಾಟಕವೇಕೆಂಬ ಆಕ್ಷೇಪಕ್ಕೆ ಸೂತ್ರಧಾರನು ಗುಣಪರೀಕ್ಷೆಯೇ ಪ್ರಮಾಣ, ಪ್ರಾಚೀನತೆಯಲ್ಲ ಎಂದು ಸಮಾಧಾನ ಹೇಳುತ್ತಾನೆ. ಒಡನೆಯೇ ಕವಿಯು ರಂಗಕ್ಕೆ ತರುವುದು ಒಂದು ಪರೀಕ್ಷೆಯನ್ನೇ. ಅದೂ ಋಜುವಲ್ಲದ ಪರೀಕ್ಷೆಯನ್ನು.

ಗಣದಾಸನು ದೇವಿ ಧಾರಿಣಿಯ ಆಶ್ರಿತ. ಹರದತ್ತನು ರಾಜನ ಆಶ್ರಿತ. ಇಬ್ಬರಿಗೂ ಆಸ್ಥಾನದಲ್ಲಿ ಅಗ್ರಸ್ಥಾನ ಬೇಕು. ರಾಜನಿಗೋ, ಚಿತ್ರದಲ್ಲಿ ಕಂಡ ಮಾಲವಿಕೆಯನ್ನು ಪ್ರತ್ಯಕ್ಷ ನೋಡುವ ಆಸೆ. ಆಚಾರ್ಯರ ಮತ್ಸರವನ್ನು ಈ ಆಸೆಗೆ ಗಂಟುಹಾಕಿದವನು ವಿದೂಷಕ. ಸುಮ್ಮನೆ ಸಂಬಳವೇಕೆ, ಟಗರುಗಳ ಕಾಳಗವನ್ನು ನೋಡೋಣವೆಂದು ಅಣಕಿಸುವವನೂ ಅವನೇ. ಮಧ್ಯಸ್ಥೆಯಾದ ಪರಿವ್ರಾಜಿಕೆ ಕೌಶಿಕಿಯು ನಾಟ್ಯವು ಪ್ರಯೋಗಪ್ರಧಾನವೆಂದೂ, ಬಲ್ಲುದನ್ನು ಶಿಷ್ಯರಲ್ಲಿಯೂ ನೆಲೆಗೊಳಿಸುವವನೇ ಉತ್ತಮ ಆಚಾರ್ಯನೆಂದೂ, ಅಂಗಸೌಷ್ಠವವು ಕಾಣುವಂತೆ ಪಾತ್ರಗಳು ವಿರಳನೇಪಥ್ಯದಲ್ಲಿ ಬರಬೇಕೆಂದೂ ವಿಧಿಸುತ್ತಾಳೆ. ಈ ಮಾತುಗಳಲ್ಲಿ ಶಾಸ್ತ್ರದೋಷವಿಲ್ಲ. ಆದರೆ ಒಂದೊಂದೂ ರಾಜನ ಇಷ್ಟಕ್ಕೆ ಅನುಕೂಲ. ಅವಳು ಮಾಲವಿಕೆಯ ಕಡೆಯವಳೆಂಬುದು 5ನೆಯ ಅಂಕದಲ್ಲಿ ಬಯಲಾಗುತ್ತದೆ. ಶಾಸ್ತ್ರವು ಸುಳ್ಳಾಗದೆಯೇ ಪಕ್ಷಪಾತಕ್ಕೆ ಊಳಿಗಮಾಡಬಲ್ಲುದೆಂಬ ಸೂಕ್ಷ್ಮವೇ ಈ ಪ್ರಕರಣದ ಸಾರ.

ಧಾರಿಣಿಯು ಇದನ್ನು ಶಂಕಿಸದೆ ಇಲ್ಲ. ರಾಜಕಾರ್ಯದಲ್ಲಿಯೂ ಇಷ್ಟು ಉಪಾಯನೈಪುಣ್ಯವಿದ್ದರೆ ಲೇಸಾಗುತ್ತಿತ್ತೆಂದು ಅವಳು ಪತಿಯನ್ನು ಚುಚ್ಚುತ್ತಾಳೆ. ಮಾಲವಿಕೆಯ ಛಲಿತನೃತ್ಯ ಮುಗಿದಾಗ ವಿದೂಷಕನು ರಾಜನ ಕೈಕಡಗವನ್ನೇ ಪಾರಿತೋಷಕಕ್ಕೆಂದು ಸೆಳೆಯಲು, ಇನ್ನೊಬ್ಬರ ಗುಣವನ್ನರಿಯದೆ ಕೊಡುಗೆಯೇಕೆಂದು ತಡೆಯುತ್ತಾಳೆ. ಪ್ರಸ್ತಾವನೆಯ ಪರೀಕ್ಷಾತತ್ತ್ವವು ಹೀಗೆ ವಂಚಿತೆಯ ಬಾಯಿಂದಲೇ ಮರಳಿ ಕೇಳಿಬರುತ್ತದೆ.

ಹರದತ್ತನು ತನ್ನ ಸರದಿಯನ್ನು ಬೇಡುವಷ್ಟರಲ್ಲಿ ವೈತಾಳಿಕನು ಮಧ್ಯಾಹ್ನವನ್ನು ಸಾರುತ್ತಾನೆ. ಭೋಜನಕಾಲ ಮೀರಬಾರದೆಂದು ಸಭೆ ಏಳುತ್ತದೆ. ಅವನ ಶಿಷ್ಯಪ್ರಯೋಗವನ್ನು ಪ್ರೇಕ್ಷಕರು ಕಾಣುವುದೇ ಇಲ್ಲ. ಗಣದಾಸನ ಗೆಲವು 3ನೆಯ ಅಂಕದ ಪ್ರವೇಶಕದಲ್ಲಿ ಪರಿಚಾರಿಕೆಯರ ಮಾತಿನಿಂದ ತಿಳಿಯುತ್ತದೆ.

ಇದೆಲ್ಲ ಹಾಸ್ಯವಷ್ಟೆ ಎನ್ನಬಹುದು, ಹಾಸ್ಯವೆಂಬುದು ನಿಜ. ಆದರೆ ಮಾಲವಿಕೆಯ ನೃತ್ಯವು ನಿರ್ದೋಷವಾದುದು, ಅವಳ ಗುರುವು ಗೆಲವಿಗೆ ಅರ್ಹನೇ. ಅರ್ಹನ ಗೆಲವೂ ಅಪರಿಶುದ್ಧವಾದ ದಾರಿಯಿಂದ ಬರಬಹುದೆಂಬುದನ್ನು ಕವಿಯು ನಗುತ್ತಲೇ ತೋರಿಸಿದ್ದಾನೆ. ವಿದ್ಯೆಯನ್ನು ಹೊಟ್ಟೆಪಾಡಿಗೆ ಮಾತ್ರ ಮಾಡಿಕೊಂಡವನು ವರ್ತಕನೆಂದು ಹಳಿದ ಗಣದಾಸನು, ತನ್ನ ವಿದ್ಯೆಯೇ ಪರರ ವ್ಯಾಪಾರದಲ್ಲಿ ಸರಕಾದುದನ್ನು ಅರಿಯನು.